ಕುಂಬಾರನಿಗೆ ವರುಷ: ಟೆಕ್ಸಾಸ್‌ನ ಮೇಳಗಳಲ್ಲಿ ನನ್ನ ಮಣ್ಣಿನ ಪಾತ್ರೆಗಳು

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಾನು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಒಂದು ಕುಂಬಾರ ಮನೆತನದಲ್ಲಿ ಹುಟ್ಟಿದವಳು. ಕಳೆದ 18 ವರ್ಷಗಳಿಂದ ಅಮೆರಿಕದ ಟೆಕ್ಸಾಸ್ ರಾಜ್ಯದ ಬ್ರಯನ್ ಎಂಬ ಪಟ್ಟಣದಲ್ಲಿದ್ದೇನೆ. ಅಲ್ಲಿಯೂ ನನ್ನ ಕೆಲಸ ಮಣ್ಣಿನದೇ. ವರ್ಷಕ್ಕೆ ಮೂರು ಮೇಳಗಳಲ್ಲಿ ಮಳಿಗೆ ತೆರೆದು, ನಾನೇ ಮಾಡಿದ ಪಾತ್ರೆಗಳನ್ನು ಮಾರುತ್ತೇನೆ. ಊರಿಗೆ ಬಂದಾಗಲೆಲ್ಲ ನೆಂಟರು ಕೇಳುವ ಮಾತು ಒಂದೇ: "ಅಮೆರಿಕಾದಾಗ ಮಣ್ಣಿನ ಗಡಿಗಿ ಯಾರು ತಗೋತಾರವಾ?" ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹೇಳುವ ಅವಕಾಶ ಇಂದು ನನಗೆ ಸಿಕ್ಕಿದೆ.

ನಾನು ಹೇಳುತ್ತಿರುವ ಮೇಳಗಳಿಗೆ ಅಲ್ಲಿ ರೆನೆಸಾನ್ಸ್ ಫೆಸ್ಟಿವಲ್ ಎನ್ನುತ್ತಾರೆ. ಇಂಗ್ಲೆಂಡಿನ ಎಂಟನೆಯ ಹೆನ್ರಿ ಅಥವಾ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ, ಎಂದರೆ 16ನೆಯ ಶತಮಾನದ ಒಂದು ಊರಿನ ಜಾತ್ರೆಯನ್ನು ಬಯಲಿನಲ್ಲಿ ಕಟ್ಟಿ ನಿಲ್ಲಿಸುವುದು ಇವುಗಳ ರೀತಿ. ರಾಜ ರಾಣಿಯರ ಮೆರವಣಿಗೆ, ಕುದುರೆ ಏರಿ ಈಟಿ ಹಿಡಿದು ಕಾದುವ ವೀರರು, ಹಾಡುವವರು, ದೊಂಬರಾಟದವರು, ಬೆಂಕಿಯಲ್ಲಿ ಸುಟ್ಟ ದೊಡ್ಡ ಟರ್ಕಿ ಕೋಳಿಯ ಕಾಲು ಮಾರುವವರು, ಇವರೆಲ್ಲರ ನಡುವೆ ಸಾಲುಸಾಲಾಗಿ ಕುಶಲಕರ್ಮಿಗಳ ಮಳಿಗೆಗಳು.

ಬಾನುಲಿಯಲ್ಲಿ ಕುಳಿತು ಈ ಮಾತನ್ನಾಡುವಾಗ ನನಗೆ ವಿಶೇಷವಾದ ಒಂದು ಸಂತೋಷವಿದೆ, ಏಕೆಂದರೆ ಈ ಮೇಳಗಳು ಹುಟ್ಟಿದ್ದೇ ಒಂದು ಬಾನುಲಿ ಕೇಂದ್ರಕ್ಕಾಗಿ. ಲಾಸ್ ಏಂಜಲೀಸ್ ನಗರದಲ್ಲಿ ಕೆಪಿಎಫ್‌ಕೆ ಎಂಬ ಕೇಂದ್ರವಿದೆ; ಜಾಹೀರಾತುಗಳನ್ನು ತೆಗೆದುಕೊಳ್ಳದೆ, ಕೇಳುಗರು ಕೊಡುವ ಹಣದಿಂದಲೇ ನಡೆಯುವ ಕೇಂದ್ರ ಅದು. ಅದಕ್ಕೆ ಹಣ ಕೂಡಿಸಿಕೊಡಲೆಂದು ಫಿಲಿಸ್ ಪ್ಯಾಟರ್‌ಸನ್ ಎಂಬ ಶಾಲಾ ಶಿಕ್ಷಕಿ, ತಮ್ಮ ಪತಿ ರಾನ್ ಅವರೊಂದಿಗೆ ಸೇರಿ, 1963ರ ಮೇ ತಿಂಗಳಲ್ಲಿ ಎರಡು ದಿನಗಳ ಮೇಳವನ್ನು ಏರ್ಪಡಿಸಿದರು. ಅದಕ್ಕೂ ಮೊದಲು ಅವರು ತಮ್ಮ ಮನೆಯ ಹಿತ್ತಲಿನಲ್ಲಿ ಮಕ್ಕಳಿಗೆ ಹಳೆಯ ಇಟಾಲಿಯನ್ ಶೈಲಿಯ ನಾಟಕ ಕಲಿಸುತ್ತಿದ್ದರು. ಆ ಹಿತ್ತಲಿನ ಆಟವೇ ಬೆಳೆದು ಮೇಳವಾಯಿತು. ಕೈಯಿಂದ ಮಾಡಿದ ವಸ್ತುಗಳ ಮೇಲೆ ಹೊಸದಾಗಿ ಪ್ರೀತಿ ಹುಟ್ಟುತ್ತಿದ್ದ ಕಾಲವದು. ಕುಂಬಾರರು, ನೇಕಾರರು, ಚರ್ಮದ ಕೆಲಸದವರು ಅಲ್ಲಿ ತಮ್ಮ ಸರಕಿಗೆ ಸಂತೆಯನ್ನು ಕಂಡುಕೊಂಡರು. ಬಳಿಕ ಜಾರ್ಜ್ ಕೌಲಮ್ ಎಂಬವರು 1971ರಲ್ಲಿ ಮಿನೆಸೋಟದಲ್ಲಿಯೂ 1974ರಲ್ಲಿ ಟೆಕ್ಸಾಸ್‌ನಲ್ಲಿಯೂ ಇಂಥ ಮೇಳಗಳನ್ನು ಆರಂಭಿಸಿದರು. ಈಗ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇವು ನಡೆಯುತ್ತವೆ.

ನನ್ನ ವರ್ಷ ಹೀಗೆ ಹಂಚಿಹೋಗಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಡಲ್ಲಾಸ್ ನಗರದ ದಕ್ಷಿಣಕ್ಕಿರುವ ವಾಕ್ಸಹ್ಯಾಚಿಯ ಸ್ಕಾರ್‌ಬರೋ ಮೇಳ. ಜೂನ್ ನಡುವಿನಿಂದ ಆಗಸ್ಟ್ ಮೊದಲ ವಾರದವರೆಗೆ ಕೊಲೊರಾಡೊ ರಾಜ್ಯದ ಲಾರ್ಕ್‌ಸ್ಪರ್. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಟಾಡ್ ಮಿಷನ್‌ನಲ್ಲಿ ನಡೆಯುವ ಟೆಕ್ಸಾಸ್ ಮೇಳ. ಎಲ್ಲವೂ ಹೆಚ್ಚಾಗಿ ಶನಿವಾರ, ಭಾನುವಾರಗಳಂದೇ. ಕೂಡಿಸಿ ನೋಡಿದರೆ 365 ದಿನಗಳಲ್ಲಿ ವ್ಯಾಪಾರವಾಗುವುದು ಸುಮಾರು 50 ದಿನ. ಇಡೀ ವರ್ಷದ ಅನ್ನವನ್ನು ಆ 50 ದಿನಗಳಲ್ಲಿಯೇ ದುಡಿದುಕೊಳ್ಳಬೇಕು. ನಮ್ಮ ಅಜ್ಜ ಊರಿನ ಆಯಗಾರರಾಗಿದ್ದರು. ವರ್ಷವಿಡೀ ಊರಿನವರಿಗೆ ಗಡಿಗೆ, ಮಗಿ, ಪರಿಯಾಣಗಳನ್ನು ಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ತರುತ್ತಿದ್ದರು. ಆಯ ಬರುವ ದಿನಗಳು ಕೆಲವೇ, ಮಣ್ಣು ತುಳಿಯುವ ದಿನಗಳು ಹಲವು. ಆ ಲೆಕ್ಕ ನನಗೆ ಹೊಸದಾಗಿರಲಿಲ್ಲ.

ಹೊಸದಾಗಿದ್ದದ್ದು ತಿಗರಿ, ಎಂದರೆ ಪಾತ್ರೆ ಎತ್ತುವ ಕುಂಬಾರನ ಚಕ್ರ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಮಣ್ಣು ಸೋಸುತ್ತಿದ್ದರು, ಹದ ಮಾಡುತ್ತಿದ್ದರು, ಒಣಗಿದ ಗಡಿಗೆಗಳಿಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಆದರೆ ತಿಗರಿಯನ್ನು ಮುಟ್ಟುತ್ತಿರಲಿಲ್ಲ. ನಾನು ತಿಗರಿಯ ಮುಂದೆ ಮೊದಲ ಬಾರಿ ಕುಳಿತದ್ದು ಟೆಕ್ಸಾಸ್‌ನ ಒಂದು ಕಾಲೇಜಿನ ಸಂಜೆಯ ತರಗತಿಯಲ್ಲಿ, 31ನೆಯ ವಯಸ್ಸಿನಲ್ಲಿ. ಮಣ್ಣಿನ ಹದವನ್ನು ನನ್ನ ಬೆರಳುಗಳು ಆಗಲೇ ಬಲ್ಲವಾಗಿದ್ದವು, ಮಣ್ಣನ್ನು ತಿಗರಿಯ ನಡುವಿಗೆ ತಂದು ನಿಲ್ಲಿಸುವುದನ್ನು ಮಾತ್ರ ಎಲ್ಲರಂತೆ ತಿಂಗಳುಗಟ್ಟಲೆ ಕಲಿಯಬೇಕಾಯಿತು. ಇಂದು ಮೇಳದ ಮಳಿಗೆಯ ಮುಂದೆ, ವಿದ್ಯುತ್ತಿಲ್ಲದ, ಕಾಲಿನಿಂದ ಒದ್ದು ತಿರುಗಿಸುವ ತಿಗರಿಯ ಮೇಲೆ ಜನರೆದುರು ಪಾತ್ರೆ ಎತ್ತುವಾಗ ಅವ್ವನನ್ನು ನೆನೆಯದ ದಿನವಿಲ್ಲ.

ಮೇಳದಲ್ಲಿ ಮಳಿಗೆ ಸಿಗುವುದು ಸುಲಭವಲ್ಲ. ಅರ್ಜಿಯೊಂದಿಗೆ ವಸ್ತುಗಳ ಚಿತ್ರ, ಮಳಿಗೆಯ ನಕ್ಷೆ, ತೊಡುವ ಉಡುಪಿನ ಚಿತ್ರ ಎಲ್ಲವನ್ನೂ ಕಳಿಸಬೇಕು. ಕುಂಬಾರರೇ ಹೆಚ್ಚಾಗಿ ಯಾರಿಗೂ ವ್ಯಾಪಾರವಾಗದಂತೆ ಆಗಬಾರದೆಂದು ಒಂದೊಂದು ಕಸುಬಿಗೆ ಇಷ್ಟೇ ಮಂದಿ ಎಂದು ಮೇಳದವರು ಮಿತಿ ಇಡುತ್ತಾರೆ. ಹಲವು ಮೇಳಗಳಲ್ಲಿ ಮಳಿಗೆಗಳು ಬಟ್ಟೆಯ ಡೇರೆಗಳಲ್ಲ. ಮರದ ತೊಲೆಗಳು ಹೊರಗೆ ಕಾಣುವಂತೆ ಹಳೆಯ ಇಂಗ್ಲಿಷ್ ಶೈಲಿಯಲ್ಲಿ ಕಟ್ಟಿದ ಗಟ್ಟಿ ಕಟ್ಟಡಗಳು. ಅದನ್ನು ಕಟ್ಟುವ ಇಲ್ಲವೇ ಹಿಂದಿನವರಿಂದ ಕೊಂಡುಕೊಳ್ಳುವ ಖರ್ಚು ನಮ್ಮದು. ನೆಲ ಮಾತ್ರ ಮೇಳದವರದು. ಅವರು ಒಪ್ಪಂದವನ್ನು ಮುಂದುವರಿಸದಿದ್ದರೆ ಗೋಡೆಗಳನ್ನು ಹೊತ್ತು ಹೋಗಲಾಗುವುದಿಲ್ಲ. ಈ ಕಸುಬಿನಲ್ಲಿರುವ ದೊಡ್ಡ ಭಯ ಇದೇ ಎಂದು ನಾನು ತಿಳಿದಿದ್ದೇನೆ, ಮಳೆಯೂ ಅಲ್ಲ, ಗಾಳಿಯೂ ಅಲ್ಲ. ನೆಲಬಾಡಿಗೆ ಮುಂಗಡವಾಗಿಯೇ ಹೋಗುತ್ತದೆ, ಮಳೆ ಬಂದು ಎರಡು ದಿನ ಯಾರೂ ಬರದಿದ್ದರೂ ಅದು ಮರಳುವುದಿಲ್ಲ. ಮಾರಾಟ ತೆರಿಗೆಯೂ ರಾಜ್ಯಕ್ಕೊಂದು ಬಗೆ. ಟೆಕ್ಸಾಸ್‌ನಲ್ಲಿ ರಾಜ್ಯದ್ದು ಶೇಕಡಾ 6.25, ಸ್ಥಳೀಯ ತೆರಿಗೆ ಸೇರಿದರೆ 8.25ರವರೆಗೆ, ಕೊಲೊರಾಡೊದಲ್ಲಿ ರಾಜ್ಯದ್ದು 2.9, ಅದರ ಮೇಲೆ ಸ್ಥಳೀಯ ತೆರಿಗೆಗಳು ಬೇರೆ.

ಮೇಳದ ದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲು ನಾವೆಲ್ಲ ವೇಷ ತೊಟ್ಟಿರಬೇಕು. ನನ್ನದು ಉದ್ದನೆಯ ಲಂಗ, ಬಿಗಿಯಾದ ಮೇಲಂಗಿ, ತಲೆಗೆ ಬಿಳಿಯ ಬಟ್ಟೆ. ಕೈಗಡಿಯಾರ ಕಾಣಬಾರದು, ಪ್ಲಾಸ್ಟಿಕ್ ಡಬ್ಬ ಕಾಣಬಾರದು. ಕಾರ್ಡ್ ಉಜ್ಜುವ ಯಂತ್ರವನ್ನು ಮರದ ಪೆಟ್ಟಿಗೆಯೊಳಗೆ ಅಡಗಿಸಿ ಇಡುತ್ತೇನೆ. ಗ್ರಾಹಕರನ್ನು ಹಳೆಯ ಇಂಗ್ಲಿಷಿನಲ್ಲಿ "ಮೈ ಲೇಡಿ", "ಮೈ ಲಾರ್ಡ್" ಎಂದು ಕರೆಯುವುದು ವಾಡಿಕೆ. ಮೊದಲ ವರ್ಷ ನನಗೆ ಇದು ಬಹಳ ಕಷ್ಟವಾಗಿತ್ತು. ಆಮೇಲೆ ಒಂದು ಸಂಗತಿ ಮನಸ್ಸಿಗೆ ಬಂತು. ಆ ಊರಿನಲ್ಲಿ ರಾಣಿ ನಟಿ, ಕಾದಾಟ ಮೊದಲೇ ಅಭ್ಯಾಸ ಮಾಡಿದ್ದು, ಕೋಟೆಯ ಗೋಡೆ ಹಲಗೆಯದು. ಆದರೆ ಕಮ್ಮಾರ ಬಡಿಯುವ ಕಬ್ಬಿಣ ನಿಜವಾಗಿಯೂ ಕೆಂಪಗೆ ಕಾದಿರುತ್ತದೆ, ಗಾಜು ಊದುವವರ ಗಾಜು ನಿಜವಾಗಿಯೂ ಕರಗಿರುತ್ತದೆ, ನನ್ನ ಕೈಯಲ್ಲಿರುವುದು ನಿಜವಾದ ಮಣ್ಣು. ಜನ ಆಟ ನೋಡಲು ಬಂದು, ನಮ್ಮ ಮುಂದೆ ಬಂದಾಗ ತಾವಾಗಿಯೇ ಮೌನವಾಗಿ ನಿಂತು ನೋಡುವುದು ಇದಕ್ಕಾಗಿಯೇ ಎಂದು ನಾನು ನಂಬಿದ್ದೇನೆ. ಅಂಗಡಿಯಲ್ಲಿ ಅದಕ್ಕಿಂತ ಎಷ್ಟೋ ಅಗ್ಗದ ಬಟ್ಟಲು ಸಿಗುವಾಗ ಅವರು ನನ್ನ ಬಟ್ಟಲನ್ನು ಕೊಳ್ಳುವುದೂ ಅದಕ್ಕಾಗಿಯೇ. ಅದು ಕೈಯಲ್ಲಿ ರೂಪುಗೊಳ್ಳುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಹೆಚ್ಚು ಮಾರಾಟವಾಗುವುದು ಹಿಡಿಕೆಯುಳ್ಳ ದೊಡ್ಡ ಬಟ್ಟಲು, ಅಲ್ಲಿನವರು ಮಗ್ ಎನ್ನುವ ಪಾತ್ರೆ. ವೇಷ ತೊಟ್ಟು ಬರುವ ಗ್ರಾಹಕರು ಅದನ್ನು ಸೊಂಟದ ಪಟ್ಟಿಗೆ ಚರ್ಮದ ವಾರಿನಿಂದ ತೂಗುಹಾಕಿಕೊಂಡು ದಿನವಿಡೀ ತಿರುಗಾಡುತ್ತಾರೆ. ಆದ್ದರಿಂದ ಹಿಡಿಕೆ ಬಹಳ ಗಟ್ಟಿಯಾಗಿರಬೇಕು. ಅಂಥ ಒಂದು ಬಟ್ಟಲಿಗೆ ಸುಮಾರು ಅರ್ಧ ಕಿಲೋ ಮಣ್ಣು ಸಾಕು, ತಿಗರಿಯ ಮೇಲೆ ಎತ್ತಲು ಐದು ನಿಮಿಷವೂ ಬೇಡ. ಜನ ಆ ಐದು ನಿಮಿಷವನ್ನು ನೋಡುತ್ತಾರೆ. ಅವರ ಕಣ್ಣಿಗೆ ಬೀಳದ ಕೆಲಸ ಎರಡು ಮೂರು ವಾರಗಳದ್ದು. ಅರೆ ಒಣಗಿದಾಗ ಮತ್ತೆ ತಿಗರಿಗೆ ಇಟ್ಟು ಅಡಿ ಹೆರೆಯಬೇಕು, ಹಿಡಿಕೆ ಅಂಟಿಸಬೇಕು, ಬಟ್ಟಲೂ ಹಿಡಿಕೆಯೂ ಒಂದೇ ವೇಗದಲ್ಲಿ ಆರುವಂತೆ ಹೊದಿಸಿಡಬೇಕು. ಟೆಕ್ಸಾಸ್‌ನ ತೇವದ ಗಾಳಿಯಲ್ಲಿ ಇದಕ್ಕೆ ಒಂದು ವಾರ ಹಿಡಿದರೆ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಲಾರ್ಕ್‌ಸ್ಪರ್‌ನ ಒಣಗಾಳಿಗೆ ಹಿಡಿಕೆ ಒಂದು ಮಧ್ಯಾಹ್ನದಲ್ಲಿಯೇ ಆರಿ, ಅಂಟಿಸಿದ ಕಡೆ ಬಿರುಕು ಬಿಡುತ್ತದೆ. ಆರಿದ ಬಳಿಕ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಸುಡುವುದು, ಮೆರುಗಿನ ದ್ರವದಲ್ಲಿ ಅದ್ದುವುದು, ಸುಮಾರು 1,220 ಡಿಗ್ರಿಯಲ್ಲಿ ಮತ್ತೊಮ್ಮೆ ಸುಡುವುದು. ಇಷ್ಟಾಗುವ ಹೊತ್ತಿಗೆ ಪಾತ್ರೆ ನೂರಕ್ಕೆ ಹನ್ನೆರಡರಷ್ಟು ಕುಗ್ಗಿರುತ್ತದೆ. ಮುಚ್ಚಳವನ್ನೂ ಭರಣಿಯನ್ನೂ ಒಂದೇ ಮಣ್ಣಿನಿಂದ ಒಂದೇ ದಿನ ಮಾಡದಿದ್ದರೆ ಒಂದಕ್ಕೊಂದು ಕೂಡುವುದಿಲ್ಲ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಆ ದೊಣ್ಣೆ ನನ್ನ ಕೈಯಲ್ಲಿಯೇ ಇದ್ದ ಒಂದು ದಿನವಿದೆ. ಐದು ವರ್ಷಗಳ ಹಿಂದೆ ಟೆಕ್ಸಾಸ್ ಮೇಳದ ಮೊದಲ ಶನಿವಾರಕ್ಕೆ ಎರಡು ದಿನ ಉಳಿದಿತ್ತು. ಪಾತ್ರೆ ಸುಡುವ ಆವಿಗೆಯಲ್ಲಿ 48 ಬಟ್ಟಲುಗಳಿದ್ದವು. ನಮ್ಮದು ವಿದ್ಯುತ್ತಿನ ಆವಿಗೆ. ಕಾಯಲು ಎಂಟು ಹತ್ತು ಗಂಟೆ, ತಣಿಯಲು ಮತ್ತೊಂದು ಇಡೀ ದಿನ ಬೇಕು. ಮಣ್ಣಿನಲ್ಲಿರುವ ಬೆಣಚಿನ ಅಂಶ 573 ಡಿಗ್ರಿಯ ಹತ್ತಿರ ಒಮ್ಮೆಗೇ ಕುಗ್ಗುತ್ತದೆ, ಅದನ್ನು ದಾಟಿದ ಮೇಲೂ ಪಾತ್ರೆಯನ್ನು ತಾನಾಗಿಯೇ ತಣಿಯಲು ಬಿಡಬೇಕು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾಪಕ ಇನ್ನೂ 250 ಡಿಗ್ರಿ ತೋರಿಸುತ್ತಿದ್ದಾಗಲೇ ಮುಚ್ಚಳವನ್ನು ಎತ್ತಿಬಿಟ್ಟೆ. ಉತ್ತರದ ಕಡೆಯಿಂದ ಆ ವರ್ಷದ ಮೊದಲ ಚಳಿಗಾಳಿ ಅಂದೇ ಬೀಸಿತ್ತು. ಬಾಗಿಲಿನಿಂದ ಬಂದ ಗಾಳಿ ಆವಿಗೆಯ ಬಾಯಿಗೆ ತಾಗುತ್ತಲೇ ಒಳಗಿನಿಂದ ಟಿಣ್ ಟಿಣ್ ಎಂಬ ಸಣ್ಣ ಸದ್ದು ಒಂದಾದ ಮೇಲೊಂದು ಕೇಳತೊಡಗಿತು. ಮರುದಿನ ಹೊರತೆಗೆದಾಗ 31 ಬಟ್ಟಲುಗಳಲ್ಲಿ ಕೂದಲೆಳೆಯ ಸೀಳು. ಕಣ್ಣಿಗೆ ಅದು ಕಾಣುವುದೇ ಕಷ್ಟ. ಬೆರಳಿನಿಂದ ತಟ್ಟಿದರೆ ಮಾತ್ರ ನಾದವಿಲ್ಲದ ಬೊದ್ದು ಸದ್ದು ಬರುತ್ತಿತ್ತು. ಬಿಸಿ ಕಾಫಿ ಹಾಕಿದರೆ ಯಾರದೋ ಮಡಿಲ ಮೇಲೆ ಒಡೆಯಬಹುದಾದ ಪಾತ್ರೆ ಅದು. ಹಿತ್ತಲಿಗೆ ಒಯ್ದು 31ನ್ನೂ ನಾನೇ ಒಡೆದೆ.

ಹಣದ ವಿಷಯವನ್ನು ಕೇಳುಗರು ತಿಳಿಯಬಯಸುವುದು ಸಹಜ. ಒಂದು ಬಟ್ಟಲಿಗೆ ನಾನು 35 ಡಾಲರ್ ಹೇಳುತ್ತೇನೆ. ನೆಲಬಾಡಿಗೆ, ತೆರಿಗೆ, ವಿದ್ಯುತ್ತು, ಕೊಲೊರಾಡೊಗೆ ಸರಕು ಸಾಗಿಸುವ ಖರ್ಚು, ವಾರಾಂತ್ಯದ ಇಬ್ಬರು ಸಹಾಯಕರ ಸಂಬಳ ಎಲ್ಲ ಕಳೆದರೆ ಸಂಸಾರಕ್ಕೆ ಸಾಕಾಗುವಷ್ಟು ಉಳಿಯುತ್ತದೆ, ಹೆಚ್ಚಲ್ಲ. ನಮ್ಮ ಯಜಮಾನರಿಗೆ ನೌಕರಿ ಇರುವುದರಿಂದ ಆರೋಗ್ಯ ವಿಮೆಯ ಚಿಂತೆ ಇಲ್ಲ. ನಮ್ಮ ಅಕ್ಕಪಕ್ಕದ ಮಳಿಗೆಗಳ ಹಲವು ಕುಟುಂಬಗಳಿಗೆ ಆ ಆಸರೆ ಇಲ್ಲ. ಫೆಬ್ರವರಿಯಲ್ಲಿ ಅರಿಜೋನ, ಏಪ್ರಿಲ್‌ನಲ್ಲಿ ಟೆಕ್ಸಾಸ್, ಜೂನ್‌ನಲ್ಲಿ ಕೊಲೊರಾಡೊ, ಆಗಸ್ಟ್‌ನಲ್ಲಿ ಮಿನೆಸೋಟ, ಅಕ್ಟೋಬರ್‌ನಲ್ಲಿ ಮತ್ತೆ ಟೆಕ್ಸಾಸ್ ಎಂದು ಅವರು ವರ್ಷಕ್ಕೆ 6,000 ಕಿಲೋಮೀಟರಿಗೂ ಹೆಚ್ಚು ಅಲೆಯುತ್ತಾರೆ. ಗಾಲಿಯ ಮನೆಯಲ್ಲಿಯೇ ವಾಸ, ಅಲ್ಲಿಯೇ ಮಕ್ಕಳ ಪಾಠ. ಒಂದು ಮೇಳ ಮುಗಿಯುವ ಮುನ್ನವೇ ಇನ್ನೊಂದು ಆರಂಭವಾದರೆ ಗಂಡ ಒಂದು ಊರಿನಲ್ಲಿ, ಹೆಂಡತಿ ಇನ್ನೊಂದು ಊರಿನಲ್ಲಿ ಮಳಿಗೆ ತೆರೆಯುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಹೆಚ್ಚಿನ ಮೇಳಗಳು ನಿಂತುಹೋದಾಗ ಇಂಥವರು ಪಟ್ಟ ಪಾಡು ನನ್ನ ಕಣ್ಣಮುಂದಿದೆ. ಬಡಗಿಯೊಬ್ಬರು ತಮ್ಮ ಉಳಿ ಬಾಚಿಗಳನ್ನು ಮಾರಲು ಹೊರಟಾಗ ನಾವು ನಾಲ್ಕು ಮಳಿಗೆಯವರು ಸೇರಿ ತಡೆದೆವು.

ಕಳೆದ ನವೆಂಬರ್‌ನ ಒಂದು ಭಾನುವಾರ ಹ್ಯೂಸ್ಟನ್ ನಗರದಿಂದ ಬಂದಿದ್ದ ಒಂದು ಕುಟುಂಬ ನಮ್ಮ ಮಳಿಗೆಯ ಮುಂದೆ ನಿಂತಿತು. ಮೊಮ್ಮಕ್ಕಳಿಗೆ ರಾಜಕುಮಾರಿಯರ ವೇಷ, ಅಜ್ಜಿ ಇಳಕಲ್ ಸೀರೆಯಲ್ಲಿದ್ದರು. ಮಗ ಇಂಗ್ಲಿಷಿನಲ್ಲಿ ಬೆಲೆ ಕೇಳುತ್ತಿದ್ದ. ಅಜ್ಜಿ ಮಾತ್ರ ಯಾರನ್ನೂ ಏನನ್ನೂ ಕೇಳದೆ, ಮೊಸರಿಗೆಂದು ಮಾಡಿದ್ದ ಸಣ್ಣ ಗಡಿಗೆಯೊಂದನ್ನು ಎಡ ಅಂಗೈಯಲ್ಲಿ ಕೂರಿಸಿಕೊಂಡು, ಬಲಗೈಯ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ಕಿವಿಗೊಟ್ಟು ಕೇಳಿದರು. ಅಷ್ಟು ವರ್ಷಗಳಲ್ಲಿ ನನ್ನ ಪಾತ್ರೆಯನ್ನು ತಟ್ಟಿ ನೋಡಿ ಕೊಂಡವರು ಅವರೊಬ್ಬರೇ. "ಛಲೋ ಸುಟ್ಟೈತಿ" ಎಂದು ಮಗನಿಗೆ ಹೇಳಿದರು. ನಾನು ಆ ಉಡುಪಿನಲ್ಲಿಯೇ, "ಹೌದ್ರೀ ಅಮ್ಮಾ, ಎರಡ ಸಲ ಸುಟ್ಟೈತ್ರಿ" ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದ ಬಗೆಯನ್ನು ಮಾತಿನಲ್ಲಿ ಹೇಳಲಾರೆ. ನನ್ನ ಕೈ ಹಿಡಿದುಕೊಂಡು, "ಯಾವೂರವ್ವಾ?" ಎಂದರು.

ಅಂದಿನಿಂದ ನನ್ನ ಮಳಿಗೆಗೆ ಬಂದವರಿಗೆಲ್ಲ, ಕೊಳ್ಳಲಿ ಬಿಡಲಿ, ಪಾತ್ರೆಯನ್ನು ಅಂಗೈಯಲ್ಲಿ ಕೂರಿಸಿ ತಟ್ಟಿ ಕೇಳುವುದನ್ನು ಕಲಿಸುತ್ತಿದ್ದೇನೆ. ಚಿಕ್ಕ ಮಕ್ಕಳು ಬೇಗ ಕಲಿಯುತ್ತಾರೆ.

ಜನವರಿ ಎರಡನೆಯ ವಾರ ನಾನು ಬ್ರಯನ್‌ಗೆ ಮರಳುತ್ತೇನೆ. ಅಷ್ಟರಲ್ಲಿ ಒಂದು ಟನ್ ಮಣ್ಣು ಬಂದು ಬಾಗಿಲಲ್ಲಿ ಇಳಿದಿರುತ್ತದೆ. ಏಪ್ರಿಲ್ ಮೊದಲ ಶನಿವಾರದೊಳಗೆ 600 ಬಟ್ಟಲುಗಳು ಸಿದ್ಧವಾಗಬೇಕು. ಈ ಬಾರಿ ಅವುಗಳ ಜೊತೆಗೆ 40 ಮೊಸರಿನ ಗಡಿಗೆಗಳನ್ನೂ ಮಾಡುತ್ತೇನೆ.

ನಮಸ್ಕಾರ.