ಒಂದು ಮೆಗಾಹರ್ಟ್ಸ್ ಕಂಪ್ಯೂಟರಿಗೆ ಇಷ್ಟು ದುಡ್ಡೇ?

ಕೇಳುಗರಿಗೆ ನಮಸ್ಕಾರ.

ನಲವತ್ತು ವರ್ಷ ದಾಟಿದ ಕಂಪ್ಯೂಟರೊಂದು ಮತ್ತೆ ಮಾರುಕಟ್ಟೆಗೆ ಬಂದಿದೆ. ಹೆಸರು ಕಮೊಡೋರ್ 64. 2025ರ ಜುಲೈಯಲ್ಲಿ ಅದರ ಹೊಸ ಆವೃತ್ತಿಗೆ ಮುಂಗಡ ಬುಕಿಂಗ್ ಆರಂಭವಾಯಿತು. ಹೊಸದರ ಹೆಸರು ಕಮೊಡೋರ್ 64 ಅಲ್ಟಿಮೇಟ್. ಆಗ ಬೆಲೆ ಮುನ್ನೂರು ಡಾಲರ್‌ನಿಂದ ಶುರುವಾಗಿತ್ತು. ನಮ್ಮ ಹಣದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿಗೂ ಮೇಲೆ. ಸಾಗಣೆ, ಸುಂಕ ಬೇರೆ. ಆ ವರ್ಷದ ಕೊನೆಯೊಳಗೆ ಗ್ರಾಹಕರಿಗೆ ತಲುಪಿಸಬೇಕೆಂಬುದು ಕಂಪನಿಯ ಲೆಕ್ಕಾಚಾರವಾಗಿತ್ತು.

ವಿವರಪಟ್ಟಿ ಓದಿದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಪ್ರೊಸೆಸರ್‌ನ ವೇಗ ಒಂದು ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಮಿಡಿತ; ಮೆಮೊರಿ 64 ಕಿಲೋಬೈಟ್. ಜೇಬಿನಲ್ಲಿರುವ ಮೊಬೈಲ್ ಇದಕ್ಕಿಂತ ಸಾವಿರಾರು ಪಟ್ಟು ಬಲಶಾಲಿ. ಮತ್ತೆ ಇದಕ್ಕೆ ಇಷ್ಟು ದುಡ್ಡೇ, ಸರ್?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಅಂಗಡಿಯವರು ನಮಗೆ ಅಂಕಿ ನೋಡುವುದನ್ನು ಕಲಿಸಿಬಿಟ್ಟಿದ್ದಾರೆ. ಇಷ್ಟು ಗಿಗಾಹರ್ಟ್ಸ್, ಇಷ್ಟು ಗಿಗಾಬೈಟ್, ಮುಗಿಯಿತು. ಅಂಕಿಯನ್ನು ಬದಿಗಿಡಿ. ಒಳಗೆ ಯಾವ ಕೆಲಸವನ್ನು ಯಾರು ಮಾಡುತ್ತಾರೆ ಎಂದು ಕೇಳಿ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದೇ ಮಾತು.

ಮೂಲ ಯಂತ್ರವನ್ನೇ ನೋಡೋಣ. 1982ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಸ್ ನಗರದ ಪ್ರದರ್ಶನದಲ್ಲಿ ಅದನ್ನು ಮೊದಲು ತೋರಿಸಿದರು. ಬೆಲೆ 595 ಡಾಲರ್. ಪ್ರೊಸೆಸರ್ 6510, ಅಂದರೆ ಆ ಕಾಲದ ಜನಪ್ರಿಯ 6502ರ ತಮ್ಮ. ನಮ್ಮಲ್ಲಿ 1984ರ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿತ್ತಲ್ಲ, ಅದರ ಒಳಗೂ ಇದೇ 6502 ಇತ್ತು. ವೇಗ ಎರಡು ಮೆಗಾಹರ್ಟ್ಸ್. ಅಂಕಿಯನ್ನು ಮಾತ್ರ ನೋಡಿದರೆ ಕಮೊಡೋರ್ ಅದರ ಅರ್ಧ.

ಹಾಗಿದ್ದೂ ಆಟಕ್ಕೆ, ಸಂಗೀತಕ್ಕೆ ಜನ ಕಮೊಡೋರನ್ನೇ ಹುಡುಕಿಕೊಂಡು ಹೋದರು. ಏಕೆ? ಅಲ್ಲಿ ಪ್ರೊಸೆಸರ್ ಒಂಟಿಯಾಗಿ ದುಡಿಯುತ್ತಿರಲಿಲ್ಲ. ಮದುವೆ ಮನೆಯ ದೊಡ್ಡ ಭಟ್ಟರು ತಾವೇ ತರಕಾರಿ ಹೆಚ್ಚಿ, ತೆಂಗಿನಕಾಯಿ ತುರಿದು, ಎಲೆಗೆ ಬಡಿಸಲೂ ನಿಂತರೆ ಊಟ ಸಂಜೆಗೆ. ಕೈಕೆಳಗೆ ಪಳಗಿದ ಇಬ್ಬರಿದ್ದರೆ ಹನ್ನೆರಡೂವರೆಗೆ ಮೊದಲ ಪಂಕ್ತಿ ಏಳುತ್ತದೆ. ಕಮೊಡೋರ್‌ನಲ್ಲಿ ಅಂಥ ಇಬ್ಬರಿದ್ದರು.

ಒಬ್ಬ ವಿಐಸಿ-2, ಚಿತ್ರದ ಚಿಪ್. ಹದಿನಾರು ಬಣ್ಣ, ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ. ಇದರ ಜೊತೆಗೆ ಎಂಟು ಸ್ಪ್ರೈಟ್‌ಗಳು. ಸ್ಪ್ರೈಟ್ ಎಂದರೆ ಹಿನ್ನೆಲೆಯನ್ನು ಕೆಡಿಸದೆ ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರ. ಅದನ್ನು ಎಲ್ಲಿಡಬೇಕು ಎಂದಷ್ಟೇ ಪ್ರೊಸೆಸರ್ ಹೇಳಬೇಕು. ಬಿಡಿಸುವುದು, ಅಳಿಸುವುದು, ಎರಡು ಚಿತ್ರ ಡಿಕ್ಕಿ ಹೊಡೆದರೆ ತಿಳಿಸುವುದು ಎಲ್ಲ ಈ ಚಿಪ್‌ನದು.

ಇನ್ನೊಬ್ಬ ಸಿಡ್, ಧ್ವನಿಯ ಚಿಪ್. ಬಾಬ್ ಯಾನ್ಸ್ ಎಂಬ ತರುಣ ಎಂಜಿನಿಯರ್ ರೂಪಿಸಿದ್ದು. ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ. ಪ್ರತಿಯೊಂದರ ಏರು, ಇಳಿತ, ನಿಲುಗಡೆಯನ್ನು ಪ್ರತ್ಯೇಕವಾಗಿ ಹೊಂದಿಸಬಹುದು. ಬೇರೆ ಯಂತ್ರಗಳು ಬೀಪ್ ಎನ್ನುತ್ತಿದ್ದ ಕಾಲದಲ್ಲಿ ಇದು ಹಾಡುತ್ತಿತ್ತು. ಯಾನ್ಸ್ ಮುಂದೆ ಎನ್ಸೋನಿಕ್ ಎಂಬ ಸಂಗೀತವಾದ್ಯಗಳ ಕಂಪನಿಯ ಸ್ಥಾಪಕರಲ್ಲೊಬ್ಬರಾದರು. ಅವರ ಮನಸ್ಸು ಎಲ್ಲಿತ್ತೆಂದು ಇದರಿಂದಲೇ ತಿಳಿಯುತ್ತದೆ.

ಒಂದು ಮೆಗಾಹರ್ಟ್ಸ್ ಸಾಕಾದದ್ದು ಹೀಗೆ. ಕೆಲಸ ಹಂಚಿಹೋಗಿತ್ತು.

ಕೆಲಸ ತಪ್ಪು ಕೈಗೆ ಬಿದ್ದರೆ ಏನಾಗುತ್ತದೆ? ಅದಕ್ಕೂ ಇದೇ ಯಂತ್ರದಲ್ಲಿ ಉದಾಹರಣೆಯಿದೆ. ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳದೆ ಬಿಟ್ಟ ವರ್ಷವಿಲ್ಲ; ನಿಮಗೂ ಹೇಳಿಯೇ ತೀರುತ್ತೇನೆ.

ಕಮೊಡೋರ್ 64ರ ಫ್ಲಾಪಿ ಡ್ರೈವ್‌ನ ಹೆಸರು 1541. ಫ್ಲಾಪಿ ಎಂದರೆ ಪ್ರೋಗ್ರಾಮುಗಳನ್ನು ಉಳಿಸಿಡುವ ತೆಳು ತಟ್ಟೆ, ಅದನ್ನು ಓದುವ ಪೆಟ್ಟಿಗೆಯೇ ಡ್ರೈವ್. ಒಂದು ಫ್ಲಾಪಿಯಲ್ಲಿ 170 ಕಿಲೋಬೈಟ್ ಹಿಡಿಯುತ್ತಿತ್ತು. ಗಾತ್ರದಲ್ಲಿ ರೊಟ್ಟಿ ಡಬ್ಬಿಯಂತಿದ್ದ ಆ ಪೆಟ್ಟಿಗೆಯೊಳಗೆ ಸ್ವಂತದ ಒಂದು 6502 ಪ್ರೊಸೆಸರ್, ಸ್ವಂತದ ಎರಡು ಕಿಲೋಬೈಟ್ ಮೆಮೊರಿ. ಡ್ರೈವ್ ಎನ್ನುವುದಕ್ಕಿಂತ ಅದೇ ಒಂದು ಕಂಪ್ಯೂಟರ್. ಹಾಗಾದರೆ ಮಿಂಚಿನಂತೆ ಓಡಬೇಕಿತ್ತಲ್ಲವೇ? ಓಡಲಿಲ್ಲ. ಸೆಕೆಂಡಿಗೆ ಸುಮಾರು ನಾನೂರು ಬೈಟ್, ಅಷ್ಟೇ. ಮೂವತ್ತೆಂಟು ಸಾವಿರ ಬೈಟ್‌ನ ಆಟವೊಂದನ್ನು ತುಂಬಿಸಲು ಒಂದೂವರೆ ನಿಮಿಷ.

ಕಾರಣ ಹುಡುಕಲು ಒಂದು ಹೆಜ್ಜೆ ಹಿಂದೆ ಹೋಗಬೇಕು. ಕಮೊಡೋರ್ 64ಕ್ಕಿಂತ ಮೊದಲು ಅದೇ ಕಂಪನಿಯ ವಿಐಸಿ-20 ಎಂಬ ಕಂಪ್ಯೂಟರ್ ಇತ್ತು. ಡ್ರೈವ್‌ಗೆ ದುಬಾರಿ ಕೇಬಲ್ ಬೇಡ, ಅಗ್ಗದ ಸೀರಿಯಲ್ ತಂತಿ ಸಾಕು ಎಂದು ನಿರ್ಧರಿಸಿದರು. ಒಂದು ಬೈಟ್‌ನ ಎಂಟು ಬಿಟ್‌ಗಳನ್ನು, ಅಂದರೆ ಸೊನ್ನೆ-ಒಂದುಗಳನ್ನು, ಸಾಲಾಗಿ ತಂತಿಗೆ ತಳ್ಳುವ ಕೆಲಸವನ್ನು 6522 ಎಂಬ ಚಿಪ್‌ಗೆ ಒಪ್ಪಿಸಬೇಕೆಂಬುದು ಯೋಜನೆ. ಬುದ್ಧಿವಂತ ಯೋಜನೆಯೇ. ಆದರೆ ಆ ಚಿಪ್‌ನಲ್ಲಿ ಈ ತಳ್ಳುವ ಕೆಲಸ ಮಾಡುವ ಭಾಗವಾದ ಶಿಫ್ಟ್ ರಿಜಿಸ್ಟರ್‌ನಲ್ಲಿ ದೋಷವಿತ್ತು, ನಂಬುವ ಹಾಗಿರಲಿಲ್ಲ. ಚಿಪ್ ಬೇರೆಯವರದ್ದೂ ಅಲ್ಲ, ಕಮೊಡೋರ್ 1976ರಲ್ಲಿ ಕೊಂಡುಕೊಂಡಿದ್ದ ಎಂಒಎಸ್ ಟೆಕ್ನಾಲಜಿಯದ್ದು. ಮನೆಯ ಚಿಪ್, ಮನೆಯ ದೋಷ. ಯಂತ್ರ ಹೊರಬೀಳುವ ದಿನ ಹತ್ತಿರ ಬಂದಿತ್ತು. ಪ್ರೊಸೆಸರೇ ಕುಳಿತು ಒಂದೊಂದು ಬಿಟ್‌ಗೂ ತಂತಿಯ ವೋಲ್ಟೇಜನ್ನು ಏರಿಸಿ ಇಳಿಸಲಿ ಎಂದು ತೀರ್ಮಾನಿಸಿದರು.

ಕಮೊಡೋರ್ 64 ಬರುವಾಗ ದೋಷವಿಲ್ಲದ ಹೊಸ ಚಿಪ್ 6526 ಸಿದ್ಧವಿತ್ತು. ಈಗಲಾದರೂ ಸರಿಹೋಗಬೇಕಿತ್ತು. ಆದರೆ ಹಳೆಯ ಡ್ರೈವ್‌ಗಳೊಂದಿಗೆ ಹೊಂದಿಕೊಳ್ಳಬೇಕೆಂಬ ಒತ್ತಾಯ ಒಂದು ಕಡೆ. ವೇಗದ ಸಂಪರ್ಕಕ್ಕೆ ಬೇಕಾದ ತಂತಿ ಬೋರ್ಡಿನಿಂದ ಬಿಟ್ಟುಹೋದದ್ದು ಇನ್ನೊಂದು ಕಡೆ. ಮತ್ತೆ ಅದೇ ಪ್ರೊಸೆಸರ್, ಅದೇ ಬಿಟ್ ಎಣಿಸುವ ಚಾಕರಿ. ಸಾಲದೆಂಬಂತೆ, ಚಿತ್ರದ ಚಿಪ್ ತನಗೆ ಮೆಮೊರಿ ಬೇಕಾದಾಗ ಪ್ರೊಸೆಸರನ್ನು ಆಗಾಗ ತಡೆದು ನಿಲ್ಲಿಸುತ್ತದೆ. ಆ ತಡೆಯಲ್ಲಿ ಬಿಟ್ ತಪ್ಪಬಾರದೆಂದು ಸಂಪರ್ಕವನ್ನು ಇನ್ನೂ ನಿಧಾನ ಮಾಡಿದರು. ಹೊಸ ಯಂತ್ರ ಹಳೆಯದಕ್ಕಿಂತ ಹಿಂದೆ ಬಿತ್ತು!

ಕಥೆ ಅಲ್ಲಿಗೆ ಮುಗಿಯಲಿಲ್ಲ. ಡ್ರೈವ್‌ನೊಳಗೆ ಒಂದು ಪ್ರೊಸೆಸರ್ ಸುಮ್ಮನೆ ಕುಳಿತಿದೆಯಲ್ಲ ಎಂದು ಬಳಕೆದಾರರಲ್ಲೇ ಕೆಲವರಿಗೆ ಹೊಳೆಯಿತು. ತಾವೇ ಬರೆದ ಸಣ್ಣ ಪ್ರೋಗ್ರಾಮನ್ನು ಆ ಎರಡು ಕಿಲೋಬೈಟ್ ಮೆಮೊರಿಗೆ ಕಳಿಸಿದರು. ಎರಡೂ ಕಡೆಯ ಪ್ರೊಸೆಸರ್‌ಗಳು ತಮ್ಮಲ್ಲೇ ಹೊಸ ಒಪ್ಪಂದ ಮಾಡಿಕೊಂಡಂತಾಯಿತು. ಅದೇ ತಂತಿ, ಅದೇ ಚಿಪ್, ಅದೇ ಒಂದು ಮೆಗಾಹರ್ಟ್ಸ್. ವೇಗ ಮಾತ್ರ ಐದು ಪಟ್ಟು, ಹತ್ತು ಪಟ್ಟು. ಇವುಗಳಿಗೆ ಫಾಸ್ಟ್ ಲೋಡರ್ ಎಂದು ಹೆಸರು. ವಿವರಪಟ್ಟಿಯ ಒಂದು ಅಂಕಿಯೂ ಬದಲಾಗಲಿಲ್ಲ. ಕೆಲಸ ಮಾಡುವವರು ಬದಲಾದರು.

ಗಡಿಯಾರ ನೋಡಿದರೆ ನನ್ನ ಸಮಯದ ಬಹುಪಾಲು ಈ ಡ್ರೈವ್‌ಗೇ ಹೋಯಿತು. ಇರಲಿ, ಹೊಸ ಯಂತ್ರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ.

ಹೊಸ ಕಮೊಡೋರ್‌ನ ನಡುವೆ ಇರುವುದು ಎಫ್‌ಪಿಜಿಎ ಎಂಬ ಚಿಪ್. ಎಎಮ್‌ಡಿ ಕಂಪನಿಯ ಆರ್ಟಿಕ್ಸ್-7. ಇದರಲ್ಲಿ ಸಾವಿರಾರು ಸಣ್ಣ ಸರ್ಕೀಟುಗಳಿವೆ. ಅವುಗಳ ನಡುವಿನ ಜೋಡಣೆಯನ್ನು ನಮಗೆ ಬೇಕಾದಂತೆ ಹೊಂದಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ಹಳೆಯ ಆಟವಾಡಿಸುವ ಎಮ್ಯುಲೇಟರ್ ಬೇರೆ, ಇದು ಬೇರೆ. ಎಮ್ಯುಲೇಟರ್‌ನಲ್ಲಿ ಒಂದೇ ಪ್ರೊಸೆಸರ್ ಎಲ್ಲರ ಪಾತ್ರವನ್ನೂ ಸರದಿಯಲ್ಲಿ ವಹಿಸುತ್ತದೆ. ಇಲ್ಲಿ 6510, ಚಿತ್ರದ ಚಿಪ್, ಧ್ವನಿಯ ಚಿಪ್, ಕೊನೆಗೆ ಆ 1541 ಡ್ರೈವ್ ಕೂಡ ಬೇರೆ ಬೇರೆ ಸರ್ಕೀಟುಗಳಾಗಿ ಏಕಕಾಲಕ್ಕೆ ದುಡಿಯುತ್ತವೆ. ಡ್ರೈವ್ ಏಕೆ ಬೇಕು ಎಂದರೆ, ಫಾಸ್ಟ್ ಲೋಡರ್ ನಂಬಿ ಬರೆದ ಆಟಗಳು ಡ್ರೈವ್‌ನ ಪ್ರೊಸೆಸರ್ ಇಲ್ಲದೆ ಏಳುವುದಿಲ್ಲ. ಈ ವಿನ್ಯಾಸದ ಬೇರು ನೆದರ್‌ಲೆಂಡ್ಸ್‌ನ ಎಂಜಿನಿಯರ್ ಗಿಡಿಯೋನ್ ಜ್ವೈಟ್ಸರ್ ಅವರ ಅಲ್ಟಿಮೇಟ್ 64 ಬೋರ್ಡಿನಲ್ಲಿದೆ.

ಪಟ್ಟಿಯಲ್ಲಿ 128 ಮೆಗಾಬೈಟ್ ಮೆಮೊರಿ ಎಂದಿದೆ. ಹಳೆಯ ಪ್ರೋಗ್ರಾಮುಗಳಿಗೆ ಕಾಣುವುದು ಅದೇ 64 ಕಿಲೋಬೈಟ್; ಉಳಿದದ್ದು ಬೋರ್ಡಿನ ಸ್ವಂತ ಉಪಯೋಗಕ್ಕೆ, ವಿಸ್ತರಣೆಗಳಿಗೆ. ವೇಗವನ್ನು ಎಷ್ಟೋ ಪಟ್ಟು ಏರಿಸಬಹುದು ಎಂದೂ ಇದೆ. ದಯವಿಟ್ಟು ಅದಕ್ಕೆ ಮರುಳಾಗಬೇಡಿ. ಒಂದು ಮೆಗಾಹರ್ಟ್ಸ್‌ಗೆಂದು ಲೆಕ್ಕ ಹಾಕಿ ಬರೆದ ಆಟಗಳು ಆ ವೇಗದಲ್ಲಿ ಲೆಕ್ಕ ತಪ್ಪಿ ಎಡವುತ್ತವೆ. ಎಚ್‌ಡಿಎಂಐ ಇದೆ, ಯುಎಸ್‌ಬಿ ಇದೆ, ವೈಫೈ ಇದೆ. ನನಗೆ ಮೆಚ್ಚುಗೆಯಾದದ್ದು ಬೇರೆ: ಹಳೆಯ ಸಿಡ್ ಚಿಪ್ ಇಟ್ಟುಕೊಂಡವರಿಗಾಗಿ ಬೋರ್ಡಿನಲ್ಲಿ ಸಾಕೆಟ್ ಬಿಟ್ಟಿದ್ದಾರೆ. ಸಿಡ್‌ನಲ್ಲಿ ಧ್ವನಿಯನ್ನು ಸೋಸುವ ಫಿಲ್ಟರ್ ಅನಲಾಗ್, ಅಂದರೆ ಅಂಕಿಯ ಲೆಕ್ಕದಿಂದಲ್ಲ, ನೇರ ವಿದ್ಯುತ್ತಿನ ಏರಿಳಿತದಿಂದ ನಡೆಯುವಂಥದ್ದು. ಒಂದು ಚಿಪ್ ನುಡಿದಂತೆ ಇನ್ನೊಂದು ನುಡಿಯುವುದಿಲ್ಲ. ಅದರ ಕೆಲಸವನ್ನು ಅದಕ್ಕೇ ಬಿಡೋಣ ಎಂದುಕೊಂಡಿದ್ದಾರೆ.

ಕೊನೆಯದಾಗಿ ಒಂದು ಎಚ್ಚರಿಕೆ. ಅಮೆರಿಕದಿಂದಲೋ ಕೊಲ್ಲಿ ದೇಶದಿಂದಲೋ ಅಂದು ತಂದ ಮೂಲ ಕಮೊಡೋರ್ ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೂ ಇರಬಹುದು. ಈ ಭಾಷಣ ಕೇಳಿ ಉತ್ಸಾಹದಲ್ಲಿ ಅದನ್ನು ಇಳಿಸಿ ಪ್ಲಗ್ ಚುಚ್ಚಬೇಡಿ. ಅಮೆರಿಕದ ಅಡಾಪ್ಟರ್ ಅಲ್ಲಿಯ ನೂರಿಪ್ಪತ್ತು ವೋಲ್ಟ್‌ಗೆ ಮಾಡಿದ್ದು. ನಮ್ಮ ಇನ್ನೂರ ಮೂವತ್ತಕ್ಕೆ ಸುಟ್ಟುಹೋಗುತ್ತದೆ. ಇಲ್ಲಿಯ ವೋಲ್ಟೇಜಿನದ್ದೇ ಆದರೂ, ಹಳೆಯ ಅಡಾಪ್ಟರ್ ಕೆಟ್ಟಾಗ ಐದು ವೋಲ್ಟ್ ಕೊಡಬೇಕಾದ ಕಡೆ ಹೆಚ್ಚು ಕೊಟ್ಟು ಒಳಗಿನ ಚಿಪ್‌ಗಳನ್ನು ಕೊಲ್ಲುತ್ತದೆ. ಮೊದಲು ತಿಳಿದವರಿಂದ ಮೀಟರ್ ಹಿಡಿಸಿ ಅಳೆಸಿ, ಇಲ್ಲವೇ ಹೊಸ ಅಡಾಪ್ಟರ್ ಕೊಳ್ಳಿ. ಪರದೆಯ ಮೇಲೆ 38,911 ಬೈಟ್ ಖಾಲಿ ಇದೆ ಎಂಬ ಸಾಲು ಮೂಡಿದರೆ ನಿಮ್ಮ ಯಂತ್ರ ಬದುಕಿದೆ. ಉಳಿದ ಮೆಮೊರಿ ಎಲ್ಲಿ ಹೋಯಿತು ಎಂದು ಮಾತ್ರ ಕೇಳಬೇಡಿ, ಅದಕ್ಕೆ ಇನ್ನೊಂದು ಭಾಷಣವೇ ಬೇಕು.

ನಮಸ್ಕಾರ.