ರಿಬೇಟ್ ಬೇಕಾದರೆ ಮನೆ ಲೆಕ್ಕ ಹೇಳಿ

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಟ್ಯಾಕ್ಸ್ ವಿಷಯ ಕೇಳಲು ಇಷ್ಟು ಜನ ಕೂತಿದ್ದೀರಿ, ನೋಡಿ ಖುಷಿಯಾಯಿತು. ಮಕ್ಕಳ ಡ್ಯಾನ್ಸ್ ಶುರುವಾಗುವ ಮೊದಲು ಮುಗಿಸಬೇಕಂತೆ. ಹಾಗಾಗಿ ಆಸ್ಟ್ರೇಲಿಯಾ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಎಂದರೇನು, ಅದರ ಜೊತೆ ಪ್ರೈವೇಟ್ ಕವರ್, ಅಂದರೆ ಖಾಸಗಿ ಆರೋಗ್ಯ ವಿಮೆ, ಯಾಕೆ ಎಂಬಲ್ಲಿಗೆ ಹೋಗುವುದಿಲ್ಲ. ಮೆಲ್ಬರ್ನ್‌ನಲ್ಲಿ ಸಂಸಾರ ನಡೆಸುವ ನಿಮಗೆ ಅದೆಲ್ಲ ಗೊತ್ತು.

ನಾನು ಹೇಳಬೇಕಾದ್ದು ಒಂದೇ. ಆ ಪ್ರೈವೇಟ್ ಕವರ್‌ನ ಪ್ರೀಮಿಯಂ ಮೇಲೆ ಸರ್ಕಾರ ಕೊಡುವ ರಿಯಾಯಿತಿ, ಅಂದರೆ ರಿಬೇಟ್, ಸರಿಯಾಗಿ ಸಿಗಬೇಕಾದರೆ ಮನೆ ಲೆಕ್ಕವನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಇನ್ಶೂರೆನ್ಸ್ ಕಂಪನಿಗೆ ನಿಮ್ಮ ಸಂಬಳ ಗೊತ್ತಿಲ್ಲ. ನೀವು ಯಾವ ಟಿಯರ್, ಅಂದರೆ ಆದಾಯದ ಯಾವ ಹಂತ, ಅಂದಿರೋ ಅದನ್ನೇ ನಂಬಿ ಪ್ರೀಮಿಯಂ ಇಳಿಸುತ್ತದೆ. ನಿಜವಾದ ಲೆಕ್ಕ ಆಗುವುದು ವರ್ಷ ಮುಗಿದ ಮೇಲೆ, ಟ್ಯಾಕ್ಸ್ ರಿಟರ್ನ್ ಹಾಕಿದಾಗ.

1999ರ ಜನವರಿಯಲ್ಲಿ ಈ ರಿಬೇಟ್ ಶುರುವಾದಾಗ ಇಷ್ಟು ತಲೆನೋವು ಇರಲಿಲ್ಲ. ಎಲ್ಲರಿಗೂ ಶೇಕಡಾ 30. 2005ರಲ್ಲಿ 65 ದಾಟಿದವರಿಗೆ 35, 70 ದಾಟಿದವರಿಗೆ 40 ಆಯಿತು. 2012ರ ಜುಲೈನಿಂದ ಆದಾಯ ನೋಡಿ ಕೊಡುವ ಪದ್ಧತಿ ಬಂತು. 2014ರಿಂದ ಪ್ರತಿ ಏಪ್ರಿಲ್ 1ಕ್ಕೆ ಪ್ರಮಾಣವನ್ನೇ ಮತ್ತೆ ಲೆಕ್ಕ ಹಾಕುತ್ತಾರೆ. ಪ್ರೀಮಿಯಂ ಏರಿದಷ್ಟು ಉಳಿದ ಬೆಲೆಗಳು ಏರದಿದ್ದರೆ ರಿಬೇಟ್ ಇಳಿಯುತ್ತದೆ. ಹೀಗೆ ಇಳಿದು ಇಳಿದು, 65ರ ಒಳಗಿನವರ ಆ 30 ಎನ್ನುವುದು 2025ರ ಏಪ್ರಿಲ್‌ಗೆ 24.288ಕ್ಕೆ ಬಂತು. ಅದೂ ಕಡಿಮೆ ಆದಾಯದ ಬೇಸ್ ಟಿಯರ್‌ನವರಿಗೆ. ಅತಿ ಹೆಚ್ಚು ಆದಾಯದ ಟಿಯರ್ 3ರವರಿಗೆ ಸೊನ್ನೆ.

ಈಗ ಒಂದು ಜೋಡಿಯ ಕಥೆ ಹೇಳುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಗಂಡ ಐಟಿ. ಹೆಂಡತಿ ಎರಡನೇ ಮಗು ಆದಮೇಲೆ ಮನೆಯಲ್ಲಿದ್ದವರು, ಮತ್ತೆ ಕೆಲಸಕ್ಕೆ ಸೇರಿದರು. ಕಂಪನಿಯಲ್ಲಿ ಬೇಸ್ ಟಿಯರ್ ಎಂದು ಹೇಳಿದ್ದರು, ಅದು ಹಾಗೇ ಇತ್ತು. ರಿಟರ್ನ್ ಹಾಕಿದರು. ರಿಫಂಡ್ ಬರುತ್ತದೆ, ಊರಿಗೆ ಟಿಕೆಟ್ ಮಾಡಿಸೋಣ ಎಂದು ಕಾಯುತ್ತಿದ್ದರೆ, ಇಬ್ಬರಿಗೂ ಪ್ರತ್ಯೇಕವಾಗಿ ಇನ್ನೂರು ಇನ್ನೂರು ಡಾಲರ್ ಕಟ್ ಆಗಿ ಬಂದಿದೆ. ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಮೇಡಂ, ನಾವು ಲಿಮಿಟ್ ಒಳಗೇ ಇದ್ದೇವಲ್ಲ?"

ಅವರು ಹೇಳಿದ್ದು ಅರ್ಧ ನಿಜ. 2024–25ರಲ್ಲಿ ಕುಟುಂಬಕ್ಕೆ ಬೇಸ್ ಟಿಯರ್ ಮಿತಿ 1,94,000 ಡಾಲರ್. ಮೊದಲನೆಯದರ ನಂತರದ ಪ್ರತಿ ಮಗುವಿಗೆ 1,500 ಸೇರುತ್ತದೆ. ಇವರಿಗೆ ಎರಡು ಮಕ್ಕಳು, ಅಂದರೆ 1,95,500. ಇಬ್ಬರ ತೆರಿಗೆಗೆ ಒಳಪಡುವ ಆದಾಯ ಕೂಡಿಸಿದರೆ 1,90,000. ಒಳಗೇ ಇದ್ದಾರೆ, ಅಲ್ವಾ? ಆದರೆ ಹಿಂದಿನ ವರ್ಷ ಒಂದು ಯೂನಿಟ್ ಕೊಂಡು ಬಾಡಿಗೆಗೆ ಕೊಟ್ಟಿದ್ದರು. ಅದರಲ್ಲಿ 11,000 ನಷ್ಟ ತೋರಿಸಿದ್ದರು. ನೆಗೆಟಿವ್ ಗೇರಿಂಗ್, ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ! ತೆರಿಗೆಗೆ ಆ ನಷ್ಟವನ್ನು ಕಳೆಯುತ್ತಾರೆ, ಸರಿ. ರಿಬೇಟ್ ಲೆಕ್ಕಕ್ಕೆ ಅದನ್ನು ವಾಪಸ್ ಕೂಡಿಸುತ್ತಾರೆ. ಒಟ್ಟು 2,01,000. ಬೇಸ್‌ಗಿಂತ ಒಂದು ಹಂತ ಮೇಲಿನ ಟಿಯರ್ 1 ಆಗಿಹೋಯಿತು. ಸುಮಾರು ಶೇಕಡಾ 8 ಕೈತಪ್ಪಿತು. ಐದು ಸಾವಿರದ ಪ್ರೀಮಿಯಂಗೆ ಅದೇ ನಾನೂರು ಚಿಲ್ಲರೆ ಡಾಲರ್.

ಇದು ದಂಡ ಅಲ್ಲ, ಜಾಸ್ತಿ ಪಡೆದದ್ದನ್ನು ವಾಪಸ್ ತೆಗೆದುಕೊಂಡಿದ್ದಾರೆ, ಅಷ್ಟೇ. ಆದರೂ ಹೊಟ್ಟೆ ಉರಿಯುತ್ತದೆ. ಸಂಬಳದಿಂದ ಸೂಪರ್‌ಗೆ, ಅಂದರೆ ನಿವೃತ್ತಿ ನಿಧಿಗೆ, ಹೆಚ್ಚುವರಿ ಹಾಕುವವರೂ ಎಚ್ಚರವಾಗಿರಿ, ಅದೂ ಕೂಡುತ್ತದೆ. ಹಾಗಾಗಿ ಮತ್ತೆ ಹೇಳುತ್ತೇನೆ. ಹೆಂಡತಿ ಕೆಲಸಕ್ಕೆ ಸೇರಿದರೆ, ಗಂಡನಿಗೆ ಪ್ರಮೋಷನ್ ಆದರೆ, ಮನೆ ಬಾಡಿಗೆಗೆ ಕೊಟ್ಟರೆ, ಅವತ್ತೇ ಕಂಪನಿಗೆ ಫೋನ್ ಮಾಡಿ ಟಿಯರ್ ಬದಲಾಯಿಸಿ. ಕಾಂಟ್ರ್ಯಾಕ್ಟ್ ಕೆಲಸ, ಆದಾಯ ಗೊತ್ತಿಲ್ಲ ಎನ್ನುವವರು ಮೇಲಿನ ಟಿಯರ್ ಹೇಳಿ, ಅಥವಾ ಪೂರ್ತಿ ಪ್ರೀಮಿಯಂ ಕಟ್ಟಿ. ಕಡಿಮೆ ಪಡೆದಿದ್ದರೆ ಬಾಕಿ ರಿಬೇಟ್ ರಿಟರ್ನ್‌ನಲ್ಲಿ ಸಿಗುತ್ತದೆ. ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೂ ಸಿಗುತ್ತದೆ.

ನಾನು ಇವತ್ತು ಬಂದ ನಿಜವಾದ ಕಾರಣ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನಮ್ಮ ಅಪ್ಪ ಅಮ್ಮಂದಿರು.

ವಿಸಿಟರ್ ಕವರ್‌ಗೆ ರಿಬೇಟ್ ಇಲ್ಲ, ಸ್ಟೂಡೆಂಟ್ ಕವರ್‌ಗೂ ಇಲ್ಲ. ಮೆಡಿಕೇರ್ ಅರ್ಹತೆ ಬೇಕು. ಎಷ್ಟೋ ವರ್ಷ ಕಾದು ಪೇರೆಂಟ್ ವೀಸಾ ಸಿಗುತ್ತದೆ, ಮೆಡಿಕೇರ್ ಕಾರ್ಡ್ ಬರುತ್ತದೆ, ಮನೆಯಲ್ಲಿ ಪಾಯಸ ಆಗುತ್ತದೆ. ಹಳೇ ವಿಸಿಟರ್ ಕವರ್ ಮಾತ್ರ ಹಾಗೇ ಮುಂದುವರಿಯುತ್ತದೆ. ಅದನ್ನು ಬದಲಾಯಿಸಲು ಯಾರೂ ಕಂಪನಿಗೆ ಫೋನ್ ಮಾಡುವುದಿಲ್ಲ. ಇದು ನನಗೆ ಬಹಳ ಬೇಜಾರಿನ ವಿಷಯ. ಯಾಕೆಂದರೆ ಮಕ್ಕಳಿಗಿಂತ ಅವರಿಗೇ ರಿಬೇಟ್ ಜಾಸ್ತಿ. ಆ 2025ರ ಏಪ್ರಿಲ್ ದರದಲ್ಲಿ ಬೇಸ್ ಟಿಯರ್‌ನಲ್ಲಿ 65ರಿಂದ 69ರವರಿಗೆ 28.337, 70 ದಾಟಿದವರಿಗೆ 32.385. ಒಂದೇ ಪಾಲಿಸಿಯಲ್ಲಿ ಇಬ್ಬರಿದ್ದರೆ ಹಿರಿಯರ ವಯಸ್ಸೇ ಲೆಕ್ಕಕ್ಕೆ. ಅಪ್ಪನಿಗೆ 71, ಅಮ್ಮನಿಗೆ 63 ಆದರೆ ಅಮ್ಮನ ಪಾಲಿಗೂ ಅಪ್ಪನ ದರ.

"ನಾವೆಲ್ಲ ಒಂದೇ ಮನೆ, ಮಗನ ಸಂಬಳವೂ ಸೇರುತ್ತದಾ?" ಎಂದು ಕೇಳುತ್ತಾರೆ. ಸೇರುವುದಿಲ್ಲ. ಇಲ್ಲಿನ ಸರ್ಕಾರದ ಲೆಕ್ಕದಲ್ಲಿ ಅವಿಭಕ್ತ ಕುಟುಂಬ ಇಲ್ಲ. ಗಂಡ, ಹೆಂಡತಿ, ಅವರನ್ನು ಅವಲಂಬಿಸಿದ ಮಕ್ಕಳು, ಅಷ್ಟೇ ಮನೆ. ಪ್ರೀಮಿಯಂ ಮಗ ಕಟ್ಟಿದರೂ ರಿಬೇಟ್ ಪಾಲಿಸಿಯಲ್ಲಿರುವ ಅಪ್ಪ ಅಮ್ಮನದೇ. ಅವರು ರಿಟರ್ನ್ ಹಾಕುವವರಲ್ಲದಿದ್ದರೆ ಕಂಪನಿಗೆ ಹೇಳಿ ಪ್ರೀಮಿಯಂನಲ್ಲೇ ಇಳಿಸಿಕೊಳ್ಳಿ. ಅದೇ ಸುಲಭ.

ಇನ್ನೊಂದು ಗಡುವಿದೆ. ದಯವಿಟ್ಟು ಇದನ್ನು ಬರೆದುಕೊಳ್ಳಿ. ಮೆಡಿಕೇರ್‌ಗೆ ಪೂರ್ತಿ ಅರ್ಹರಾಗಿ ನೋಂದಾಯಿಸಿದ ದಿನದಿಂದ 12 ತಿಂಗಳ ಒಳಗೆ ಆಸ್ಪತ್ರೆ ಕವರ್ ತೆಗೆದುಕೊಂಡರೆ ಲೋಡಿಂಗ್ ಎಂಬ ಹೆಚ್ಚುವರಿ ಪ್ರೀಮಿಯಂ ಇಲ್ಲ. ತಡವಾದರೆ 30ರ ಮೇಲಿನ ಪ್ರತಿ ವರ್ಷಕ್ಕೆ ಶೇಕಡಾ 2 ಹೆಚ್ಚು ಕಟ್ಟಬೇಕು. 65 ವರ್ಷದ ತಾಯಿಗೆ ಅದು ಶೇಕಡಾ 70! ಸತತ 10 ವರ್ಷ ಕಟ್ಟಿದ ಮೇಲೆಯೇ ಹೋಗುತ್ತದೆ. ಆ ಲೋಡಿಂಗ್ ಭಾಗಕ್ಕೆ ರಿಬೇಟ್ ಕೂಡ ಇಲ್ಲ, 2013ರಲ್ಲಿ ತೆಗೆದುಬಿಟ್ಟರು. ಎರಡೂ ಕಡೆಯಿಂದ ಹೊಡೆತ.

ಸಂಘಟಕರು ಕೈ ತೋರಿಸುತ್ತಿದ್ದಾರೆ. ಸರ್‌ಚಾರ್ಜ್, ಅಂದರೆ ಆಸ್ಪತ್ರೆ ಕವರ್ ಇಲ್ಲದ ಹೆಚ್ಚು ಆದಾಯದವರ ಮೇಲೆ ಬೀಳುವ ಹೆಚ್ಚುವರಿ ತೆರಿಗೆ, ಅದರ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ, ಒಂದೇ ಮಾತು ಹೇಳುತ್ತೇನೆ. ಸುಮ್ನೆ ಹಲ್ಲು, ಕನ್ನಡಕಕ್ಕೆ ಎಂದು ಬರೀ ಎಕ್ಸ್‌ಟ್ರಾಸ್ ತೆಗೆದುಕೊಂಡರೆ ಅದರ ಮೇಲೂ ರಿಬೇಟ್ ಸಿಗುತ್ತದೆ, ಆದರೆ ಸರ್‌ಚಾರ್ಜ್ ತಪ್ಪುವುದಿಲ್ಲ. ಅದಕ್ಕೆ ಆಸ್ಪತ್ರೆ ಕವರ್ರೇ ಬೇಕು. ಆನ್‌ಲೈನ್‌ನಲ್ಲಿ ರಿಟರ್ನ್ ಹಾಕುವ ಮೈಟ್ಯಾಕ್ಸ್‌ನಲ್ಲಿ ಪಾಲಿಸಿ ವಿವರ ತಾನೇ ತುಂಬಿ ಬರುತ್ತದೆ. ಬಾರದಿದ್ದರೆ ಕಂಪನಿಯಿಂದ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. 2019ರಿಂದ ಅವರಾಗಿಯೇ ಕಳಿಸಬೇಕೆಂಬ ನಿಯಮ ಇಲ್ಲ. ಅಪ್ಪ ಅಮ್ಮನ ಮೆಡಿಕೇರ್ ನೋಂದಣಿಯ ತಾರೀಕು ಗೊತ್ತಿರುವವರು ಡ್ಯಾನ್ಸ್ ಮುಗಿದ ಮೇಲೆ ಕಾಫಿ ಟೇಬಲ್ ಹತ್ತಿರ ಬನ್ನಿ. ಗಡುವು ಎಷ್ಟು ಉಳಿದಿದೆ ಎಂದು ಕೂತು ನೋಡೋಣ.