ಖಾಲಿ ಜಾಗದ ಮೇಲೆ ಹೊರಿಸಿದ ತಪ್ಪು

ನಮಸ್ಕಾರ. ಇವತ್ತು ಒಂದು ಬಿಳಿ ಪುಡಿಯ ಬಗ್ಗೆ ಮಾತಾಡೋಣ. ಜಿಂಕ್ ಆಕ್ಸೈಡ್. ಸನ್‌ಸ್ಕ್ರೀನ್ ಮೇಲೆ ಈ ಹೆಸರು ಓದಿರುತ್ತೀರಿ. ಇದು ಒಳ್ಳೆಯ ಸೆಮಿಕಂಡಕ್ಟರ್ ಕೂಡ ಹೌದು. ಬೇಕಂತಲೇ ಏನನ್ನೂ ಬೆರೆಸದಿದ್ದರೂ ಇದರ ಹರಳಿನಲ್ಲಿ ಕರೆಂಟ್ ಹರಿಯುತ್ತದೆ. ಯಾಕೆ?

ಹತ್ತಾರು ವರ್ಷ ಹೆಚ್ಚಿನವರು ಹೇಳಿದ್ದು ಒಂದೇ ಉತ್ತರ. ಹರಳಿನಲ್ಲಿ ಅಲ್ಲಲ್ಲಿ ಆಕ್ಸಿಜನ್ ಪರಮಾಣು ಇರುವುದಿಲ್ಲ, ಆ ಖಾಲಿ ಜಾಗವೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ ಅಂತ. 2000ರಲ್ಲಿ ವಸ್ತುವಿಜ್ಞಾನಿ ಕ್ರಿಸ್ ವ್ಯಾನ್ ಡಿ ವಾಲ್ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಬೇರೆಯದನ್ನೇ ತೋರಿಸಿದರು. ಹೈಡ್ರೋಜನ್! ಹರಳು ಬೆಳೆಸುವಾಗ ಎಲ್ಲಿಂದಲೋ ಒಳಗೆ ನುಸುಳುವ, ಸುಲಭಕ್ಕೆ ಪತ್ತೆಯಾಗದ ಹೈಡ್ರೋಜನ್. ಮುಂದಿನ ಎರಡು ವರ್ಷಗಳಲ್ಲಿ ಪ್ರಯೋಗಗಳೂ ಅದರತ್ತಲೇ ಬೆರಳು ತೋರಿಸಿದವು.

ಹಾಗಾದರೆ ಆ ಖಾಲಿ ಜಾಗ? ಸ್ವಲ್ಪ ಹತ್ತಿರ ಹೋಗಿ ನೋಡೋಣ. ಕಂಪ್ಯೂಟರ್‌ನಲ್ಲಿ ನೂರರ ಆಸುಪಾಸು ಪರಮಾಣುಗಳ ಒಂದು ಪೆಟ್ಟಿಗೆ. ಅದರಿಂದ ಒಂದೇ ಒಂದು ಆಕ್ಸಿಜನ್ ತೆಗೆಯಿರಿ. ಸುತ್ತ ನಾಲ್ಕು ಜಿಂಕ್ ಉಳಿಯುತ್ತವೆ. ಅಲ್ಲಿ ಎರಡು ಎಲೆಕ್ಟ್ರಾನ್ ಕೂತಿದ್ದರೆ ನಾಲ್ಕೂ ಒಳಗೆ ಸರಿಯುತ್ತವೆ. ಎರಡನ್ನೂ ಕಿತ್ತುಕೊಂಡರೆ ಹೊರಗೆ ಚೆನ್ನಾಗಿ ದೂರ ಹೋಗುತ್ತವೆ. ಆ ಜಾಗ ತನ್ನ ಎಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದು ಕರೆಂಟಿಗೆ ಏನು ಕೊಟ್ಟೀತು? ನನಗೆ ಈ ಚಿತ್ರ ತುಂಬಾ ಇಷ್ಟ. ಯಾವ ಸೂಕ್ಷ್ಮದರ್ಶಕದಲ್ಲೂ ಇಷ್ಟು ನೇರವಾಗಿ ಕಾಣುವುದಿಲ್ಲ.

ಆದರೆ ಈ ಲೆಕ್ಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಇವುಗಳ ಬೇರು 1964 ಮತ್ತು 65ರಲ್ಲಿ ವಾಲ್ಟರ್ ಕೋನ್ ಮತ್ತು ಸಂಗಡಿಗರು ಕೊಟ್ಟ ಸಿದ್ಧಾಂತ. ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಅನ್ನುವುದರಿಂದಲೇ ವಸ್ತುವಿನ ಗುಣ ಲೆಕ್ಕ ಹಾಕುವುದು. ಕೋನ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಸಿದ್ಧಾಂತ ಗಟ್ಟಿಯೇ, ಬಳಸುವಾಗ ಮಾತ್ರ ಒಂದು ಕಡೆ ಅಂದಾಜು ಮಾಡಲೇಬೇಕು. ಆ ಅಂದಾಜಿನಲ್ಲೇ ಎಡವಟ್ಟು. ಬ್ಯಾಂಡ್ ಗ್ಯಾಪ್ ಅಂದರೆ ಹರಳಿನಲ್ಲಿ ಕಟ್ಟಿಬಿದ್ದ ಎಲೆಕ್ಟ್ರಾನ್ ಬಿಡಿಸಿಕೊಂಡು ಹರಿಯಲು ದಾಟಬೇಕಾದ ಶಕ್ತಿಯ ಅಂತರ. ಜಿಂಕ್ ಆಕ್ಸೈಡ್‌ನಲ್ಲಿ ಅದು ಸುಮಾರು 3.4 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ). ಮಾಮೂಲಿ ಲೆಕ್ಕದಲ್ಲಿ 1ಕ್ಕೂ ಕಡಿಮೆ ಬರುತ್ತದೆ! ಗ್ಯಾಪೇ ತಪ್ಪಿದ ಮೇಲೆ ಅದರೊಳಗೆ ಬರುವ, ಖಾಲಿ ಜಾಗದಂಥ ದೋಷಗಳ ಶಕ್ತಿಮಟ್ಟ ಸರಿ ಇರಲು ಸಾಧ್ಯವಾ? ಆ ಅಂದಾಜಿಗೆ ಇನ್ನೊಂದು ನಿಖರ ಲೆಕ್ಕದ ಪಾಲು ಬೆರೆಸುವ ಹೈಬ್ರಿಡ್ ವಿಧಾನದಲ್ಲಿ ಇದು ಎಷ್ಟೋ ಸರಿಹೋಗುತ್ತದೆ, ಆದರೆ ಕಂಪ್ಯೂಟರ್ ಸಮಯ ಬಹಳ ಜಾಸ್ತಿ ಬೇಕು. ಹಾಗಾಗಿ ಅಗ್ಗದ ಲೆಕ್ಕದ ಅಂಕಿಯನ್ನೇ ಅಳೆದು ಬಂದ ಅಂಕಿಯ ಹಾಗೆ ಪಟ್ಟಿಯಿಂದ ಎತ್ತಿಕೊಳ್ಳುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಯಾವ ವಿಧಾನ, ಎಷ್ಟು ದೊಡ್ಡ ಪೆಟ್ಟಿಗೆ ಅಂತ ಕೇಳಲೇಬೇಕು.

ಇನ್ನೊಂದು ಮಾತು. 'ಹೊಸ ವಸ್ತು ಸಿಕ್ಕಿತು' ಅನ್ನುವ ಲೆಕ್ಕ ಸುದ್ದಿಯಾಗುತ್ತದೆ. 'ಇದು ಆಗುವುದಿಲ್ಲ' ಅನ್ನುವ ಲೆಕ್ಕ ಮೂಲೆ ಸೇರುತ್ತದೆ. ನನ್ನ ಪಾಲಿಗೆ ಎರಡನೆಯದೇ ಹೆಚ್ಚು. ಜಿಂಕ್ ಆಕ್ಸೈಡ್‌ಗೆ ನೈಟ್ರೋಜನ್ ಬೆರೆಸಿ ಪಿ-ಟೈಪ್ (ಎಲೆಕ್ಟ್ರಾನ್ ಇಲ್ಲದ ಜಾಗ, ಅಂದರೆ 'ಹೋಲ್', ಕರೆಂಟ್ ಒಯ್ಯುವ ಬಗೆ) ಮಾಡಬಹುದು, ಎಲ್‌ಇಡಿ ಮಾಡಬಹುದು ಅಂತ ಎಷ್ಟೋ ಪ್ರಯೋಗಾಲಯಗಳು ವರ್ಷಗಟ್ಟಲೆ ಬೆವರು ಸುರಿಸಿದವು. 2009ರಲ್ಲಿ ವ್ಯಾನ್ ಡಿ ವಾಲ್ ತಂಡದ್ದೇ ಹೈಬ್ರಿಡ್ ಲೆಕ್ಕ ಬಂತು. ನೈಟ್ರೋಜನ್‌ನಿಂದ ಒಂದು ಹೋಲ್ ಬಿಡಿಸಲು 1.3 ಎಲೆಕ್ಟ್ರಾನ್ ವೋಲ್ಟ್ ಬೇಕು. ಕೋಣೆಯ ಬಿಸಿ ಕೊಡುವುದು ಸುಮಾರು 0.025. ಅಂದರೆ ಇದು ಆಗುವುದಿಲ್ಲ.